ಅಣ್ಣ ತೀರಿದರೆ ಅವನ ಪಾಲೂ ತೀರಿತೇ?

ತಂದೆ ತೀರಿಕೊಂಡಿದ್ದಾರೆ, ಮನೆ ಪಾಲಾಗಿಲ್ಲ. ಕೆಲವು ವರ್ಷಗಳ ಬಳಿಕ ಹಿರಿಯ ಮಗನೂ ಮೃತನಾಗುತ್ತಾನೆ. ಇದ್ದತ್ ಮುಗಿಯುವುದರೊಳಗೆ ಅವನ ವಿಧವೆಯ ಕಿವಿಗೆ ಒಂದು ಮಾತು ಬೀಳುತ್ತದೆ: “ಭಾಭಿ, ಅಣ್ಣನೇ ಇಲ್ಲದ ಮೇಲೆ ಈ ಮನೆಯಲ್ಲಿ ನಿಮಗೇನಿದೆ?” ತೋರಣಗಲ್ಲಿನಂತಹ ಊರಿನಲ್ಲಿ ಇದು ಸಣ್ಣ ಮಾತಲ್ಲ. 1990ರ ದಶಕದಲ್ಲಿ ಉಕ್ಕಿನ ಕಾರ್ಖಾನೆ ಬಂದ ಮೇಲೆ ಅಲ್ಲಿ ತಾತನ ಕಾಲದ ಮನೆಗೂ ಬೆಲೆ ಬಂದಿದೆ, ಬಾಡಿಗೆಯ ಕೋಣೆಗೂ ಬೆಲೆ ಬಂದಿದೆ.

ವಾರೀಸುದಾರನ ಹಕ್ಕು ಹುಟ್ಟುವುದು ತಂದೆ ಕೊನೆಯುಸಿರೆಳೆದ ಕ್ಷಣದಲ್ಲಿ. ಪಾಲುಪಟ್ಟಿ ಬರೆಯುವುದು ತಡವಾದ ಮಾತ್ರಕ್ಕೆ ಅದು ಕರಗಿಹೋಗದು. ಹಂಚಿಕೆಗೆ ಮುನ್ನ ಆತ ಮೃತನಾದರೆ ಅವನ ಪಾಲು ಅವನದೇ ವಾರೀಸುದಾರರಿಗೆ ಸಾಗುತ್ತದೆ. ಫಿಕ್‌ಹ್ ಗ್ರಂಥಗಳು ಇದನ್ನು ‘ಮುನಾಸಖಾ’ ಎಂಬ ಹೆಸರಿನಲ್ಲಿ ಪ್ರತ್ಯೇಕವಾಗಿಯೇ ಚರ್ಚಿಸಿವೆ.

ಲೆಕ್ಕ ಕಷ್ಟದ್ದಲ್ಲ. ತಾಯಿ ಮೊದಲೇ ತೀರಿದ್ದಾರೆ. ತಂದೆಯ ಸಾಲ, ವಸಿಯ್ಯತ್ ಕಳೆದ ಮೇಲೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಉಳಿದಿದ್ದಾರೆ ಎನ್ನೋಣ. ಮನೆಯನ್ನು 60 ಭಾಗ ಮಾಡಿದರೆ ಗಂಡುಮಕ್ಕಳಿಗೆ 24, 24, ಮಗಳಿಗೆ 12. (ಈ 12ರ ಸುದ್ದಿಯನ್ನು ನಮ್ಮ ಮನೆಗಳಲ್ಲಿ ಎತ್ತುವವರೇ ವಿರಳ, ಅದಕ್ಕೆ ಬೇರೆಯೇ ಲೇಖನ ಬೇಕು.) ಮೃತ ಹಿರಿಯನ 24ರಲ್ಲಿ ಎಂಟನೆಯ ಒಂದರಂತೆ ವಿಧವೆಗೆ 3. ಉಳಿದ 21ರಲ್ಲಿ ಅವನ ಮಗನಿಗೆ 14, ಮಗಳಿಗೆ 7. ಆದರೆ ಇದಕ್ಕೂ ಮೊದಲು ಅವನ ಸಾಲಗಳು ತೀರಬೇಕು. ಕೊಡದೆ ಉಳಿದ ಮಹ್ರ್ ಕೂಡ ಸಾಲವೇ; ವಿಧವೆ ಅದನ್ನು ಪಾಲಿಗೆ ಹೊರತಾಗಿ ಪಡೆಯಲು ಹಕ್ಕುಳ್ಳವಳು.

ಮೈದುನನಿಗೂ ಹೇಳಲು ಮಾತಿದೆ. ಮಾಳಿಗೆ ರಿಪೇರಿ ಮಾಡಿಸಿದ್ದು, ಕಂದಾಯ ಕಟ್ಟಿದ್ದು ತಾನೇ ಎನ್ನುತ್ತಾನೆ. ಅದು ನಿಜವಾದರೆ ಆ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದು ನ್ಯಾಯ. ಆದರೆ ಅದೇ ಲೆಕ್ಕದ ಪುಸ್ತಕದಲ್ಲಿ ಅವನೊಬ್ಬನೇ ಪಡೆದ ಬಾಡಿಗೆಯೂ ಬರಬೇಕಲ್ಲವೇ? ಮನೆ ಚಿಕ್ಕದಾದರೆ ಗೋಡೆ ಎಬ್ಬಿಸಬೇಕಾಗಿಲ್ಲ. ಬೆಲೆ ಕಟ್ಟಿಸಿ ಉಳಿದವರ ಪಾಲಿನ ಹಣ ಕೊಡಬಹುದು. ಕೊಡುವವರೆಗೆ ಬಾಡಿಗೆಯನ್ನು ಪಾಲಿನಂತೆ ಹಂಚಬಹುದು.

‘ಖಾತೆ ನನ್ನ ಹೆಸರಿನಲ್ಲಿದೆ’ ಎಂಬುದು ಅವನ ಕೊನೆಯ ಅಸ್ತ್ರ. ಕರ್ನಾಟಕದ ಒಂದು ಮುಸ್ಲಿಂ ಕುಟುಂಬದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 19ರಂದು ನೀಡಿದ ತೀರ್ಪು ಇಲ್ಲಿ ಗಮನಾರ್ಹ. ಮುಸ್ಲಿಂ ಕಾನೂನಿನಲ್ಲಿ ಮಾಲಿಕ ಬದುಕಿರುವಾಗ ವಾರೀಸುದಾರರ ನಡುವೆ ‘ವಿಭಜನೆ’ ಎಂಬುದಿಲ್ಲ, ಖಾತೆ ಬದಲಾವಣೆಯ ನಮೂದು ಮಾಲಿಕತ್ವ ನೀಡದು ಎಂದು ಅದು ಸ್ಪಷ್ಟಪಡಿಸಿತು. ಆದರೂ ವಿಧವೆ ಪೌತಿ ಖಾತೆಯ ಅರ್ಜಿಯಲ್ಲಿ ತನ್ನ, ತನ್ನ ಮಕ್ಕಳ ಹೆಸರನ್ನು ಸೇರಿಸದೆ ಬಿಡಬಾರದು. ಓದಿ ತಿಳಿಯದೆ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಲೂಬಾರದು.

ಇಷ್ಟೆಲ್ಲಾ ಗೊಂದಲಕ್ಕೆ ಮೂಲ, ಎರಡು ಬೇರೆ ಸಂಗತಿಗಳನ್ನು ಒಂದಾಗಿ ಕಾಣುವುದು. ತಂದೆಗಿಂತ ಮೊದಲೇ ಮಗ ತೀರಿದ್ದು, ಇನ್ನೊಬ್ಬ ಮಗ ಜೀವಂತವಿದ್ದರೆ ಮೊಮ್ಮಕ್ಕಳಿಗೆ ತಾತನ ಆಸ್ತಿಯಲ್ಲಿ ನೇರ ಪಾಲಿಲ್ಲ. ಆ ನಿಯಮವನ್ನು ತಂದೆಯ ನಂತರ ತೀರಿದ ಮಗನಿಗೂ ಅನ್ವಯಿಸಿದರೆ ಅದು ಅನಾಥರ ಸೊತ್ತನ್ನು ಕಬಳಿಸುವುದೇ ಆಗುತ್ತದೆ. ಅನ್ನಿಸಾ ಅಧ್ಯಾಯ ಅದರ ಬಗ್ಗೆ ಕಠಿಣ ಎಚ್ಚರಿಕೆ ನೀಡಿದೆ. ಮೊದಲೇ ತೀರಿದ ಮಗನ ಮಕ್ಕಳಿಗಾಗಿ ಈಜಿಪ್ಟ್ 1946ರಲ್ಲಿ, ಪಾಕಿಸ್ತಾನ 1961ರಲ್ಲಿ ಕಾನೂನು ಮಾಡಿದವು. ಭಾರತದಲ್ಲಿ ಅಂತಹ ಕಾನೂನಿಲ್ಲ. ಆದರೆ ವಾರೀಸುದಾರರಲ್ಲದ ಈ ಮೊಮ್ಮಕ್ಕಳಿಗೆ ಆಸ್ತಿಯ ಮೂರನೆಯ ಒಂದು ಭಾಗದವರೆಗೆ ವಸಿಯ್ಯತ್ ಬರೆಯುವುದಕ್ಕೆ ತಾತನನ್ನು ಇಲ್ಲಿಯೂ ಯಾರೂ ತಡೆದಿಲ್ಲ.