ವ್ಯಾನಲ್ಲ, ಕರೆಗಂಟೆ

ಮೊನ್ನೆ ಯೂಟ್ಯೂಬಿನಲ್ಲಿ ಏನೋ ಹುಡುಕಲು ಹೋಗಿ 1970ರ ದಶಕದ ಒಂದು ಬ್ರಿಟಿಷ್ ಪ್ರಚಾರ ಚಿತ್ರ ಸಿಕ್ತು. ಬೀದಿಯಲ್ಲಿ ಒಂದು ವ್ಯಾನ್. ಯಾವ ಮನೆಯ ಯಾವ ಕೋಣೆಯಲ್ಲಿ ಟೀವಿ ಓಡ್ತಿದೆ ಅಂತ ಒಳಗಿನ ಯಂತ್ರಕ್ಕೆ ಗೊತ್ತಾಗುತ್ತಂತೆ. ಅವರು ನೋಡ್ತಿರೋದು ‘ಕೊಲಂಬೋ’ ಅನ್ನೋದೂ ಗೊತ್ತಂತೆ! ಲೈಸೆನ್ಸ್ ಇಲ್ಲದೆ ಟೀವಿ ನೋಡೋರಿಗೆ ಎಚ್ಚರಿಕೆ ಅದು. ಮೊದಲು ನಗು ಬಂತು, ಆಮೇಲೆ ಸಿಟ್ಟು.

ಅಲ್ಲಿ ಟೀವಿ ನೇರಪ್ರಸಾರ ನೋಡೋಕೆ ವರ್ಷಕ್ಕೊಂದು ಲೈಸೆನ್ಸ್ ಬೇಕು. 2025ರ ಏಪ್ರಿಲ್‌ನಲ್ಲಿ ಅದು 174.50 ಪೌಂಡ್ ಆಯಿತು. ಬಿಬಿಸಿ ನಡೆಯೋದು ಮುಖ್ಯವಾಗಿ ಆ ದುಡ್ಡಿನಿಂದ. ನಾನು ಶುಲ್ಕದ ವಿರೋಧಿ ಅಲ್ಲ ಕಣ್ರೀ. ಹತ್ತು ನಿಮಿಷಕ್ಕೊಮ್ಮೆ ಸೋಪು ಮಾರದ ಚಾನೆಲ್ಲಿಗೆ ದುಡ್ಡು ಕೊಡೋದು ನ್ಯಾಯವೇ. ನಮ್ಮಲ್ಲೂ ಇತ್ತಲ್ಲ, ಅಪ್ಪ ಪೋಸ್ಟಾಫೀಸಿಗೆ ಹೋಗಿ ರೇಡಿಯೋ ಲೈಸೆನ್ಸ್ ಪುಸ್ತಕಕ್ಕೆ ಸ್ಟಾಂಪು ಅಂಟಿಸಿಕೊಂಡು ಬರ್ತಿದ್ದರು. (ಪಕ್ಕದ ಮನೆಯವರು ರೇಡಿಯೋ ಮೇಲೆ ಟವೆಲ್ ಹೊದಿಸಿ ಇಡ್ತಿದ್ದರು, ಅದು ಬೇರೆ ಕಥೆ :))

ನನ್ನ ತಕರಾರು ಹೆದರಿಸೋದರ ಬಗ್ಗೆ. 1952ರಿಂದಲೂ ಈ ಪತ್ತೇದಾರಿ ವ್ಯಾನಿನ ಗುಮ್ಮ ತೋರಿಸ್ತಾ ಬಂದಿದ್ದಾರೆ. ಆದರೆ ಅದರ ಸಾಕ್ಷ್ಯವನ್ನು ಕೋರ್ಟಿನಲ್ಲಿ ಬಳಸಿಲ್ಲ ಅಂತ ಮಾಹಿತಿ ಹಕ್ಕಿನ ಅರ್ಜಿಗೆ ಬಿಬಿಸಿಯೇ ಉತ್ತರ ಕೊಟ್ಟಿತ್ತು! 2000ದ ದಶಕದ ಪೋಸ್ಟರುಗಳಲ್ಲಿ ವ್ಯಾನಿನ ಜಾಗಕ್ಕೆ ಡೇಟಾಬೇಸ್ ಬಂತು: ನಿಮ್ಮ ಊರು, ಬೀದಿ, ಮನೆ ಎಲ್ಲ ನಮಗೆ ಗೊತ್ತು ಅನ್ನೋ ಧಾಟಿ. ವಾರಂಟ್ ಇಲ್ಲದೆ ಬಂದ ತನಿಖೆಯವರನ್ನು ಮನೆಯೊಳಗೆ ಬಿಡಬೇಕಾಗಿಲ್ಲ, ಕಾನೂನೇ ಹಾಗಿದೆ. ನಾನು ನೋಡಿದ ಯಾವ ಪೋಸ್ಟರಿನಲ್ಲೂ ಈ ಮಾತು ಮಾತ್ರ ಇಲ್ಲ.

ಇಷ್ಟೆಲ್ಲ ಮಾಡಿ ಸಿಕ್ಕಿಬಿದ್ದವರು ಯಾರು? 2019ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಈ ಅಪರಾಧಕ್ಕೆ ಶಿಕ್ಷೆಯಾದವರಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರು. ಏನು, ಗಂಡಸರು ಟೀವಿ ನೋಡೋದೇ ಇಲ್ವಾ? ಹಗಲು ಮನೆಯಲ್ಲಿರೋರು, ಬೆಲ್ಲಾದರೆ ಬಾಗಿಲು ತೆಗೆಯೋರು, ಕೇಳಿದ್ದಕ್ಕೆ ಪಾಪ ಉತ್ತರ ಕೊಡೋರು ಅವರು. ಮಕ್ಕಳನ್ನು ಕಟ್ಟಿಕೊಂಡು ಒಂಟಿಯಾಗಿ ಸಂಸಾರ ತೂಗಿಸೋರಲ್ಲೂ ಅವರೇ ಹೆಚ್ಚು. ಅವರನ್ನು ಹಿಡಿಯೋಕೆ ಯಂತ್ರ ಯಾಕೆ, ಕರೆಗಂಟೆ ಸಾಕು. ದಂಡ 1000 ಪೌಂಡಿನವರೆಗೂ ಹೋಗಬಹುದು. ಕರೆಂಟ್ ಬಿಲ್ಲು ಬಾಕಿ ಉಳಿದರೆ ಬರೀ ಸಾಲ, ಟೀವಿ ಲೈಸೆನ್ಸ್ ಇಲ್ಲದಿದ್ದರೆ ಕ್ರಿಮಿನಲ್ ಕೇಸು! ಇದ್ಯಾವ ಲೆಕ್ಕಾಚಾರವೋ.

ಕಷ್ಟದಲ್ಲಿರೋರು ಕಂತಿನಲ್ಲಿ ಕಟ್ಟೋ ಯೋಜನೆಯೂ ಅಲ್ಲಿದೆ. ಅದರ ಬಗ್ಗೆ ಅಷ್ಟೇ ಜೋರಾಗಿ ಒಂದು ಚಿತ್ರ ಮಾಡಲಿ ನೋಡೋಣ. ಬೇಕಿದ್ದರೆ ಕೊಲಂಬೋನೂ ಇರಲಿ.