ಗುಳಿಗೆ ಕೊಟ್ಟ ಕೈ

ಉದ್ದೀಪನ ಮದ್ದಿನ ಸುದ್ದಿ ಬಂದಾಗಲೆಲ್ಲ ಪತ್ರಿಕೆಯಲ್ಲಿ ಅಚ್ಚಾಗುವುದು ಒಂದೇ ಮುಖ, ಸಿಕ್ಕಿಬಿದ್ದ ಕ್ರೀಡಾಪಟುವಿನದು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 9.79 ಸೆಕೆಂಡಿಗೆ ನೂರು ಮೀಟರ್ ಓಡಿ, ಮೂರು ದಿನದೊಳಗೆ ಚಿನ್ನ ಕಳೆದುಕೊಂಡ ಬೆನ್ ಜಾನ್ಸನ್ ಎಲ್ಲರಿಗೂ ಗೊತ್ತು. ಅವರಿಗೆ ಸ್ಟೀರಾಯ್ಡ್ ಕೊಟ್ಟ ವೈದ್ಯ ಜೇಮಿ ಅಸ್ತಫಾನ್ ಎಷ್ಟು ಜನಕ್ಕೆ ಗೊತ್ತು?

ಪೂರ್ವ ಜರ್ಮನಿಯಲ್ಲಿ ಮದ್ದು ಕೊಟ್ಟದ್ದು ಸರ್ಕಾರವೇ. ಗುಪ್ತ ಯೋಜನೆಗೆ ‘14.25’ ಎಂಬ ಸಂಖ್ಯೆಯೇ ಹೆಸರು. ಕ್ರೀಡಾಶಾಲೆಯ ಹುಡುಗಿಯರಿಗೆ ಕೋಚ್‌ಗಳು ನೀಲಿ ಗುಳಿಗೆ ಕೊಟ್ಟು, ವಿಟಮಿನ್ ಎಂದು ನಂಬಿಸುತ್ತಿದ್ದರು. ಅದು ಓರಲ್ ಟ್ಯೂರಿನಾಬಾಲ್ ಎಂಬ ಸ್ಟೀರಾಯ್ಡ್. ಸಿಕ್ಕಿಬೀಳದಂತೆಯೂ ವ್ಯವಸ್ಥೆಯಿತ್ತು. ವಿದೇಶಕ್ಕೆ ಹೊರಡುವ ಮುನ್ನ ಕ್ರೈಷಾ ಎಂಬ ಊರಿನ ಪ್ರಯೋಗಾಲಯದಲ್ಲಿ ಮೂತ್ರಪರೀಕ್ಷೆ. ಮದ್ದಿನ ಅಂಶ ಇನ್ನೂ ಉಳಿದಿದ್ದರೆ ಗಾಯದ ನೆಪ ಹೇಳಿ ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದರು. 1976ರ ಮಾಂಟ್ರಿಯಲ್‌ನಲ್ಲಿ ಮಹಿಳೆಯರ ಈಜಿನ 13 ಚಿನ್ನಗಳಲ್ಲಿ 11 ಆ ಪುಟ್ಟ ದೇಶದ ಪಾಲಾದವು.

ಅಲ್ಲಿನ ಕ್ರೀಡಾಪಟು ಹೈಡಿ ಕ್ರೀಗರ್‌ಗೆ ಹದಿನಾರರಿಂದಲೇ ಆ ಗುಳಿಗೆ ಕೊಡತೊಡಗಿದ್ದರು. 1986ರಲ್ಲಿ ಶಾಟ್‌ಪುಟ್‌ನಲ್ಲಿ ಯುರೋಪಿನ ಚಾಂಪಿಯನ್ ಆದರು. ದೇಹ ಗಂಡಾಗುತ್ತಾ ಹೋಯಿತು, ಕೀಲುಗಳು ಸವೆದವು. 1997ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆಂಡ್ರಿಯಾಸ್ ಆದರು. ನಾನು ಯಾರೆಂದು ನಾನೇ ತೀರ್ಮಾನಿಸುವ ಅವಕಾಶವನ್ನೇ ಕಿತ್ತುಕೊಂಡರು ಎಂಬುದು ಅವರ ನೋವು. 2000ದಲ್ಲಿ ಬರ್ಲಿನ್ ನ್ಯಾಯಾಲಯದಲ್ಲಿ ಅವರು ಸಾಕ್ಷಿ ಹೇಳಿದರು. ಇಡೀ ವ್ಯವಸ್ಥೆಯನ್ನು ನಡೆಸಿದ ಮನ್‌ಫ್ರೆಡ್ ಎವಾಲ್ಡ್‌ಗೆ 22 ತಿಂಗಳ ಶಿಕ್ಷೆಯಾಯಿತು, ಅದೂ ಅಮಾನತಿನಲ್ಲಿ. ಒಂದು ದಿನವೂ ಜೈಲು ಕಾಣಲಿಲ್ಲ.

ನಮ್ಮ ಕುಂದಾಪುರ ಸೀಮೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದು, ಮರುವರ್ಷವೇ ಸಹ ಓಟಗಾರ್ತಿಯರೊಂದಿಗೆ ಸಿಕ್ಕಿಬಿದ್ದರು. ಕೋಚ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್‌ನಲ್ಲಿ ಮದ್ದು ಸೇರಿತ್ತು ಎಂಬುದು ಆ ಓಟಗಾರ್ತಿಯರ ವಾದ. ಇಲ್ಲಿ ಒಂದು ವರ್ಷವಿದ್ದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಎರಡಕ್ಕೆ ಏರಿಸಿತು. ಉಕ್ರೇನಿನ ಕೋಚ್ ಕೆಲಸ ಕಳೆದುಕೊಂಡರು, ಅಷ್ಟೇ.

ದೇಹದೊಳಗೆ ಏನು ಸಿಕ್ಕರೂ ಕ್ರೀಡಾಪಟುವೇ ಹೊಣೆ ಎಂಬ ನಿಯಮ ಬೇಡವೆಂದು ನಾನು ಹೇಳಲಾರೆ. ಅದಿಲ್ಲದಿದ್ದರೆ ಗೊತ್ತಿರಲಿಲ್ಲ ಎಂದು ಎಲ್ಲರೂ ನುಣುಚಿಕೊಳ್ಳುತ್ತಾರೆ; ಮದ್ದಿಲ್ಲದೆ ಓಡಿ ನಾಲ್ಕನೆಯವಳಾದ ಹುಡುಗಿಗೆ ನ್ಯಾಯ ಸಿಗುವುದಿಲ್ಲ. ಆದರೆ ಎಳೆಯರು ಸಿಕ್ಕಿಬಿದ್ದರೆ ಅವರ ಕೋಚ್, ವೈದ್ಯರನ್ನೂ ತನಿಖೆಗೆ ಒಳಪಡಿಸುವುದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ (ವಾಡಾ) ಸಂಹಿತೆಯಲ್ಲಿ ಕಡ್ಡಾಯ. ದೊಡ್ಡವರಾದೊಡನೆ ಅದು ಯಾಕೆ ತಪ್ಪಬೇಕು? ವರ್ಷವಿಡೀ ಶಿಬಿರದಲ್ಲಿದ್ದು, ಕೋಚ್ ಹೇಳಿದ್ದನ್ನು ತಿಂದು, ಕೋಚ್ ಹೇಳಿದಾಗ ಮಲಗುವ ಇಪ್ಪತ್ತಮೂರರ ಹಳ್ಳಿ ಹುಡುಗಿಯ ವಿಷಯದಲ್ಲೂ ಆ ತನಿಖೆ ಆಗಲೇಬೇಕು.