ಅಪ್ಪನ ಚೀಲದಲ್ಲಿದ್ದ ಕಟ್ಟಡ

ಧಾರವಾಡದಿಂದ ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ಪುಣೆಯಲ್ಲಿ ಇಳಿದ ಅಪ್ಪನ ಚೀಲದಲ್ಲಿ ನಾಲ್ಕು ಮಡಿಕೆಯ ಒಂದು ಕಾಗದವಿತ್ತು. ಫ್ಲ್ಯಾಟ್ ಬುಕ್ ಮಾಡಿದಾಗ ನಾನೇ ಕಳಿಸಿದ್ದ ಬ್ರೋಷರ್‌ನ ಮೊದಲ ಪುಟ. ನಾಲ್ಕು ವರ್ಷ ಅದನ್ನು ಊರವರಿಗೆಲ್ಲ ತೋರಿಸಿದ್ದಾರೆ. ತೋರಿಸದೆ ಏನು, ಮೊದಲ ಕಂತಿಗೆ ಹೋದದ್ದು ಅವರ ಎರಡು ಎಕರೆ ಹೊಲ.

ಗೇಟಿನ ಮುಂದೆ ಕಾಗದ ಬಿಚ್ಚಿ ಮೇಲೆ ನೋಡಿದರು, ಕೆಳಗೆ ನೋಡಿದರು.

"ನಮ್ಮದು ಯಾವದೋ?"

"ಇದ ಅಪ್ಪಾ."

ಚಿತ್ರದಲ್ಲಿ ಸಂಜೆ ಬಿಸಿಲು, ನೆಲದಿಂದ ಚಾವಣಿವರೆಗೆ ಗಾಜು, ಮರದ ಬಣ್ಣದ ಪಟ್ಟಿಗಳು, ಪ್ರತಿ ಬಾಲ್ಕನಿಯಿಂದ ಇಳಿಬಿದ್ದ ಬಳ್ಳಿ. ಎದುರಿಗೆ ಪ್ಲಾಸ್ಟರ್, ಎರಡು ಬಣ್ಣದ ಪೇಂಟ್, ಪೈಪು, ಎಸಿ ಡಬ್ಬಿಗಳು. ಒಂದೇ ಮಳೆಗಾಲಕ್ಕೆ ಕಿಟಕಿಗಳ ಕೆಳಗೆಲ್ಲ ಕಾಡಿಗೆ ಕರಗಿದಂತೆ ಕಪ್ಪು ಗೆರೆ. ಲೋಕೋಪಯೋಗಿ ಇಲಾಖೆಯಲ್ಲಿದ್ದ ಅಪ್ಪ ಸಜ್ಜಾದ ಅಡಿ ಬೆರಳು ತೋರಿಸಿದರು. ನೀರು ತೊಟ್ಟಿಕ್ಕಿ ಬೀಳಲು ಅಲ್ಲೊಂದು ಸಣ್ಣ ಗೀರು ಇರಬೇಕು, ಇಲ್ಲ. "ಮತ್ತ ನೀರು ಗ್ವಾಡಿ ಹಿಡದ ಇಳೀತದ."

ಡೆಮೊದಲ್ಲಿ ತೋರಿಸಿದ್ದೆಲ್ಲ ನಾವೂ ಪ್ರೊಡಕ್ಷನ್‌ಗೆ ಕೊಡುವುದಿಲ್ಲ ಅನ್ನಿ. ಆದರೆ ನಮ್ಮ ಗಿರಾಕಿ ಹೊಲ ಮಾರಿರುವುದಿಲ್ಲ.

ಭಾನುವಾರ ಅವರನ್ನು ಹಡಪ್ಸರ್‌ಗೆ ಕರೆದೊಯ್ದೆ. ಅಮನೋರಾದಲ್ಲಿ ನೆದರ್‌ಲ್ಯಾಂಡ್ಸ್‌ನ ಎಂವಿಆರ್‌ಡಿವಿ ವಿನ್ಯಾಸ ಮಾಡಿದ ಫ್ಯೂಚರ್ ಟವರ್ಸ್ ಇದೆ. 2018ರಲ್ಲಿ ಮುಗಿದದ್ದು, ಒಟ್ಟು 1,068 ಮನೆ. ಗುಡ್ಡದಂತೆ ಏರಿಳಿಯುವ, ಜೇನುಗೂಡಿನಂತೆ ಮಡಚಿಕೊಂಡ ಒಂದೇ ಕಟ್ಟಡ. ಅಲ್ಲೂ ಬಟ್ಟೆ ಒಣಗುತ್ತದೆ, ಆದರೂ ಗುರುತು ಸಿಗುತ್ತದೆ. ನನಗನಿಸಿದ್ದು ಇಷ್ಟು: ಅಲ್ಲಿ ಚೆಲುವು ಕಟ್ಟಡದ ಆಕಾರದಲ್ಲೇ ಇದೆ, ಅದನ್ನು ಯಾರೂ ಕತ್ತರಿಸಲಾಗದು. ನಮ್ಮದರ ಚೆಲುವೆಲ್ಲ ಮೇಲಿನ ಹೊದಿಕೆಯಲ್ಲಿತ್ತು. ಖರ್ಚು ಏರಿದಾಗ ಮೊದಲು ಹೋಗುವುದು ಹೊದಿಕೆಯೇ.

ರೇರಾ ಕಾಯ್ದೆ, 2016ರ 12ನೇ ಸೆಕ್ಷನ್ ಪ್ರಕಾರ ಜಾಹೀರಾತು ಅಥವಾ ಬ್ರೋಷರ್‌ನ ಸುಳ್ಳು ಮಾತು ನಂಬಿ ಹಣ ಕೊಟ್ಟು ನಷ್ಟವಾದರೆ ಪರಿಹಾರ ಕೇಳಬಹುದು. 14ನೇ ಸೆಕ್ಷನ್ ಪ್ರಕಾರ ಕಟ್ಟಡದ ಮಂಜೂರಾದ ನಕ್ಷೆ, ವಿವರಗಳನ್ನು ಬದಲಿಸಲು ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಬೇಕು. ನಮ್ಮನ್ನು ಯಾರೂ ಕೇಳಿರಲಿಲ್ಲ. ಬ್ರೋಷರ್‌ನ ಮೂಲೆಯಲ್ಲಿ ಇರುವೆ ಅಕ್ಷರದಲ್ಲಿ 'ಇದು ಕಲಾವಿದರ ಕಲ್ಪನೆ' ಎಂದಿದೆ, ಬಿಲ್ಡರ್‌ನ ವಾದವೆಲ್ಲ ಅದರ ಮೇಲೆ.

ವಾಟ್ಸಾಪ್ ಗುಂಪಿನಲ್ಲಿ ಅರ್ಧ ಜನ ದೂರು ಬೇಡ ಅಂದರು. ಸುದ್ದಿಯಾದರೆ ಮಾರುವಾಗ ರೇಟು ಬೀಳುತ್ತದಂತೆ. ಲೋನು ಇನ್ನೂ ಹದಿನಾರು ವರ್ಷ ಇರುವ ನನಗೂ ಆ ಲೆಕ್ಕ ತಲೆಯಲ್ಲಿ ಬರಲಿಲ್ಲ ಎಂದರೆ ಸುಳ್ಳು. ಎರಡು ವಾರ ಸುಮ್ಮನಿದ್ದೆ. ಅಪ್ಪ ಬಂದ ಮೇಲೆ ಸಹಿ ಹಾಕಿದೆ.

ವಕೀಲರು ಅಸಲು ಬ್ರೋಷರ್ ಕೇಳಿದರು. ನನ್ನ ಪ್ರತಿ ಮನೆ ಬದಲಿಸುವಾಗ ಕಳೆದಿತ್ತು. ಅಪ್ಪ ಚೀಲದಿಂದ ಕಾಗದ ತೆಗೆದು, ಮಡಿಕೆ ನೀವಿ ಕೊಟ್ಟರು.

"ಕೆಲಸ ಮುಗದ ಮ್ಯಾಲ ವಾಪಸ್ ಕೊಡಸು. ಊರಾಗ ಇನ್ನೂ ನಾಕ ಮಂದಿಗೆ ತೋರಸೋದೈತಿ."